ನಿಂಬೆಹಣ್ಣು ಹೆಚ್ಚುವ ಹೊತ್ತಿಗೆ ಹೇಳಿಬಿಡು

ಅಳಿಮಯ್ಯ,

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಿನ್ನ ಫೋನ್ ಬಂದಾಗ ಊರಲ್ಲಿ ಯಾರಿಗೋ ಏನೋ ಆಗಿದೆ ಅಂದುಕೊಂಡೆ. ನೋಡಿದರೆ ಸಂತೋಷದ ಸುದ್ದಿ. ಇಂದಿರಾನಗರದ ಪಬ್ಬೊಂದರಲ್ಲಿ ಬಾರ್‌ಟೆಂಡರ್ ಕೆಲಸ ಸಿಕ್ಕಿದೆ, ಬರುವ ಸೋಮವಾರ ಸೇರಬೇಕು. ಅಷ್ಟು ಹೇಳಿದವನು ದನಿ ತಗ್ಗಿಸಿ, "ಮಾವ, ರೆಸ್ಯೂಮೆಯಲ್ಲಿ ಎರಡು ವರ್ಷ ಎಕ್ಸ್‌ಪೀರಿಯೆನ್ಸ್ ಅಂತ ಹಾಕಿಬಿಟ್ಟಿದ್ದೀನಿ" ಅಂದೆ. ನಾನು ನಕ್ಕುಬಿಟ್ಟೆ. ನಿನಗೆ ಬೇಸರವಾಯಿತು, ಗೊತ್ತಾಯಿತು. ನನಗೆ ಆ ಗಳಿಗೆಯಲ್ಲಿ ಕಂಡದ್ದು ನೀನಲ್ಲ ಕಣೋ. 1986ರಲ್ಲಿ ಮೆಜೆಸ್ಟಿಕ್ಕಿನ ಒಂದು ಬಾರಿನ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತು, "ಮೈಸೂರಲ್ಲಿ ಮೂರು ವರ್ಷ ಬಾರಲ್ಲೇ ಮಾಡಿದ್ದೀನಿ ಸಾರ್" ಎಂದು ಮಾಲೀಕರಿಗೆ ಹೇಳುತ್ತಿದ್ದ ಇಪ್ಪತ್ತರ ಹುಡುಗ. ಅಲ್ಲಿಯವರೆಗೆ ನಾನು ಮಾಡಿದ್ದು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಆರು ತಿಂಗಳು ಟೇಬಲ್ ಒರೆಸುವ ಕೆಲಸ. ಅಲ್ಲಿ ಸಿಗುತ್ತಿದ್ದ ಪಾನೀಯಗಳಲ್ಲೆಲ್ಲ ಖಡಕ್ಕಾದದ್ದು ಬೆಲ್ಲದ ಕಾಫಿ.

ಪಕ್ಕದಲ್ಲಿ ನಿಮ್ಮತ್ತೆ ಮಲಗಿದ್ದಳು, ಹಾಗಾಗಿ ಬಿಡಿಸಿ ಹೇಳಲಾಗಲಿಲ್ಲ. ಬೆಳಗ್ಗೆ ಎದ್ದವನೇ ಬರೆಯಲು ಕೂತಿದ್ದೇನೆ.

ಮೊದಲು ಲೆಕ್ಕ ಚೊಕ್ಕ ಮಾಡೋಣ. ನೀನು ನಿಜವಾಗಿ ಮಾಡಿದ್ದು ಸಕಲೇಶಪುರದ ರೆಸಾರ್ಟಿನಲ್ಲಿ ನಾಲ್ಕು ತಿಂಗಳು. ಬಂದವರಿಗೆಲ್ಲ ವೆಲ್‌ಕಮ್ ಡ್ರಿಂಕು, ಶನಿವಾರ ಭಾನುವಾರ ಬೆಂಕಿಯ ಸುತ್ತ ಕೂತವರಿಗೆ ಬಿಯರ್ ಮುಚ್ಚಳ ತೆಗೆದು ಕೊಡುವುದು, ಎರಡು ಮೂರು ಬಗೆ ಮಾಕ್‌ಟೇಲು. ಅದೇನು ಸೊನ್ನೆಯಲ್ಲ. ಟ್ರೇ ಹಿಡಿದು ಜನರ ನಡುವೆ ನಡೆಯುವುದು, ಕುಡಿದವನು ತಲೆಹರಟೆ ಮಾಡಿದರೆ ಮುಖ ಕೆಡಿಸಿಕೊಳ್ಳದಿರುವುದು ನಿನಗೆ ಗೊತ್ತು. ಆದರೆ ನಾಲ್ಕನ್ನು ಎಳೆದು ಇಪ್ಪತ್ತನಾಲ್ಕು ಮಾಡಿದ್ದೀಯ. ಅದರ ಮೇಲೆ ನಿನ್ನ ರೂಮಿನ ಹುಡುಗ, ಜೆರಾಕ್ಸ್ ಅಂಗಡಿಯಲ್ಲಿ ಲೆಟರ್‌ಹೆಡ್ ಮಾಡಿಸಿ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡಿಸುತ್ತೇನೆ ಅಂದಿದ್ದಾನಂತೆ. ಅದನ್ನು ಮಾತ್ರ ಮುಟ್ಟಬೇಡ. ಬಾಯಲ್ಲಿ ಉಬ್ಬಿಸಿ ಹೇಳಿದ್ದು ನಿನ್ನ ಬಾಯಲ್ಲೇ ಸರಿಹೋಗುತ್ತದೆ. ಸೀಲು ಒತ್ತಿದ ಸುಳ್ಳು ಪೊಲೀಸ್ ಸ್ಟೇಷನ್ನಿನ ಬಾಬ್ತು, ಫೋರ್ಜರಿ ಅಂತಾರೆ ಅದಕ್ಕೆ. ಮ್ಯಾನೇಜರು ಲೆಟರ್ ಕೇಳಿದರೆ "ಇಲ್ಲ" ಅನ್ನು. ಅಲ್ಲಿಗೇ ಕೆಲಸ ಹೋದರೆ ಹೋಗಲಿ. ಈ ವಿಷಯದಲ್ಲಿ ನನ್ನ ಹತ್ತಿರ ಇನ್ನೊಂದು ಮಾತಿಲ್ಲ.

ಇನ್ನು ನನ್ನ ಕಥೆ. ನಿನ್ನವ್ವನಿಗೆ ಇದು ಗೊತ್ತಿಲ್ಲ.

ಮೊದಲ ರಾತ್ರಿಯೇ ಸಿಕ್ಕಿಬಿದ್ದೆ. ನನ್ನನ್ನು ಸಪ್ಲೈಯರ್ ಮಾಡಿ ಐದು ಟೇಬಲ್ ಕೊಟ್ಟಿದ್ದರು. ಲುಂಗಿಯುಟ್ಟ ಗಿರಾಕಿಯೊಬ್ಬರು ಬಂದು ಕೂತು "ಒಂದು ನೈಂಟಿ ರಮ್ಮು" ಅಂದರು. ನಾನು ವಿನಯವಾಗಿ, "ತೊಂಬತ್ತು ರೂಪಾಯಿದು ನಮ್ಮಲ್ಲಿ ಇಲ್ಲ ಸಾರ್" ಅಂದೆ. ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಅಕ್ಕಪಕ್ಕದ ಮೂರು ಟೇಬಲ್ ಸೇರಿ ನಕ್ಕವು ನೋಡು! ನೈಂಟಿ ಅಂದರೆ ತೊಂಬತ್ತು ಎಂಎಲ್, ಮೂರು ಸ್ಮಾಲು, ಎಂದು ಗಿರಾಕಿಯೇ ಕಲಿಸಿಕೊಟ್ಟರು. ಮೂರು ವರ್ಷ ಬಾರಿನಲ್ಲಿದ್ದವನಿಗೆ ನೈಂಟಿ ಗೊತ್ತಿಲ್ಲ!

ನಗುವವರೆಲ್ಲ ನಕ್ಕು ಮರೆತರು. ಮರೆಯದೇ ಇದ್ದವನು ಕ್ಯಾಷಿಯರ್. ಬಾಗಿಲು ಹಾಕುವ ಹೊತ್ತಿಗೆ ಕರೆದು, "ಮೈಸೂರಲ್ಲಿ ಯಾವ ಬಾರು ನಿಂದು?" ಅಂದ. ನಾನು ಬಾಯಿಗೆ ಬಂದ ಹೆಸರು ಹೇಳಿದೆ. "ಓ, ದೇವರಾಜ ಮಾರ್ಕೆಟ್ ಹಿಂದಿಂದಾ?" ಅಂದ. ಹೌದು ಅಂದೆ. "ಮಹಡಿ ಮೇಲೆ ಅಲ್ವಾ?" ಹೌದು ಅಂದೆ. ಆತನ ಊರೇ ಮೈಸೂರಂತೆ. ಅಂಥ ಬಾರೇ ಅಲ್ಲಿರಲಿಲ್ಲ. ಆತ ಬೈಯಲಿಲ್ಲ, ಮಾಲೀಕರಿಗೂ ಹೇಳಲಿಲ್ಲ. ನನ್ನ ಬೆನ್ನು ತಟ್ಟಿ "ಇರಲಿ, ನಾನಿದ್ದೀನಿ" ಅಂದ. ಎಷ್ಟು ಒಳ್ಳೆಯ ಮನುಷ್ಯ ಎಂದು ನನಗೆ ಆ ರಾತ್ರಿ ಕಣ್ಣಲ್ಲಿ ನೀರೇ ಬಂತು.

ಎರಡು ವಾರ ಕಳೆದು ನನ್ನನ್ನು ಕೌಂಟರ್ ಒಳಗೆ ಹಾಕಿಸಿದ. ಆಮೇಲೆ ಒಂದು ಪೆಗ್ ಅಳತೆ ತಂದು ಕೈಗಿಟ್ಟ. ನೋಡಲು ಎಲ್ಲ ಅಳತೆಯ ಹಾಗೇ ಇತ್ತು. ತಳದಲ್ಲಿ ಮೇಣ ಕೂರಿಸಿದ್ದ. ಮೂವತ್ತು ಹಿಡಿಯಬೇಕಾದ್ದು ಇಪ್ಪತ್ತೈದು ಹಿಡಿಯುತ್ತಿತ್ತು.

ಈ ಗಣಿತ ನಿನಗೆ ಗೊತ್ತಿರಬೇಕು, ಕೇಳು. ಫುಲ್ ಬಾಟಲಿ ಅಂದರೆ 750 ಎಂಎಲ್. ಮೂವತ್ತರಂತೆ ಸುರಿದರೆ 25 ಸ್ಮಾಲ್ ಪೆಗ್. ಇಪ್ಪತ್ತೈದರಂತೆ ಸುರಿದರೆ 30. ಬಾಟಲಿಗೆ ಐದು ಪೆಗ್ ಎಲ್ಲಿಂದಲೋ ಹುಟ್ಟುತ್ತದೆ. ಆ ಐದಕ್ಕೆ ಬಿಲ್ ಇಲ್ಲ, ದುಡ್ಡು ನೇರ ಕ್ಯಾಷಿಯರ್ ಜೇಬಿಗೆ. ಸ್ಟಾಕ್ ತೆಗೆದಾಗ ಬಾಟಲಿ ಲೆಕ್ಕ ಸರಿಯಾಗಿಯೇ ಇರುತ್ತದೆ. ಮಾಲೀಕರಿಗೆ ನಷ್ಟವಿಲ್ಲ, ಹಾಗಾಗಿ ಅನುಮಾನವೂ ಇಲ್ಲ. ಕಳೆದುಕೊಂಡವನು ಎದುರಿಗೆ ಕೂತ ಗಿರಾಕಿ. ಅವನಿಗೆ ಐದು ಎಂಎಲ್ ಕಡಿಮೆಯಾದದ್ದು ಕಣ್ಣಿಗೆ ಕಾಣುವುದಿಲ್ಲ. ನನಗೆ ಅದರಲ್ಲಿ ಒಂದು ಕಾಸೂ ಸಿಗುತ್ತಿರಲಿಲ್ಲ. ನನ್ನ ಪಾಲಿಗೆ ಸಿಗುತ್ತಿದ್ದದ್ದು ಆತನ ಮೌನ.

ಎರಡು ತಿಂಗಳು ಹಾಗೇ ಸುರಿದೆ ಅಳಿಮಯ್ಯ. ಎಷ್ಟೋ ಸಲ ಆ ಅಳತೆಯನ್ನು ಮೋರಿಗೆ ಎಸೆದು ಓಡಿಹೋಗೋಣ ಅನ್ನಿಸಿತು. ಎಸೆದರೆ "ಮೈಸೂರು" ಹೊರಗೆ ಬರುತ್ತದೆ. ಮೂರು ವರ್ಷದ ಸುಳ್ಳು ಹೇಳಿದ್ದಕ್ಕೆ ಮಾಲೀಕರು ಹೆಚ್ಚೆಂದರೆ ಬೈದು ಕಳಿಸುತ್ತಿದ್ದರು. ಅದನ್ನು ಮುಚ್ಚಿಡಲು ಹೋಗಿ ಕಳ್ಳನಾದೆ. ನಿನ್ನ ಗುಟ್ಟು ಯಾರ ಕೈಯಲ್ಲಿದೆಯೋ ನಿನ್ನ ಜುಟ್ಟೂ ಅವನ ಕೈಯಲ್ಲೇ ಇರುತ್ತದೆ. ದುಡ್ಡು, ಸರಕು, ಕತ್ತಲು ಮೂರೂ ಒಂದೇ ಕಡೆ ಇರುವ ನಮ್ಮ ಕಸುಬಿನಲ್ಲಿ ಅಂಥ ಜುಟ್ಟಿಗೆ ಕಾದು ನಿಂತವರು ಯಾವತ್ತೂ ಇರುತ್ತಾರೆ.

ಇದು ಮುಗಿದದ್ದು ಐಸಿನಿಂದ. ಆಗ ನಮ್ಮಲ್ಲಿ ಕ್ಯೂಬ್ ಮೆಷಿನ್ ಎಲ್ಲಿತ್ತು? ಐಸ್ ಫ್ಯಾಕ್ಟರಿಯಿಂದ ಗೋಣಿಯಲ್ಲಿ ಸುತ್ತಿದ ಗಡ್ಡೆ ಬರುತ್ತಿತ್ತು. ಅಂಟಿದ ಮರದ ಹೊಟ್ಟು ತೊಳೆದು, ಒಡೆದು, ಪೆಟ್ಟಿಗೆಗೆ ತುಂಬುವುದು. ಅದನ್ನು ತೆಗೆಯಲು ಒಂದು ತಗಡಿನ ಮೊಗೆ ಇತ್ತು. ಒಂದು ಶನಿವಾರ, ಕಾಲಿಡಲು ಜಾಗವಿಲ್ಲದಷ್ಟು ಜನ. ಮೊಗೆ ಹುಡುಕುವ ತಾಳ್ಮೆಯಿಲ್ಲದೆ ಗ್ಲಾಸಿನಲ್ಲೇ ಐಸ್ ಮೊಗೆದೆ. ಟಿಕ್ ಎಂದು ಸಣ್ಣ ಸದ್ದು. ತೆಗೆದು ನೋಡಿದರೆ ಗ್ಲಾಸಿನ ಅಂಚಿನಲ್ಲಿ ಉಗುರಿನಷ್ಟು ಚೂರು ಇಲ್ಲ.

ಒಡೆದ ಐಸಿನ ನಡುವೆ ಒಡೆದ ಗಾಜನ್ನು ಯಾವ ದೇವರೂ ಹುಡುಕಲಾರ. ಕೂಗಿ ಹೇಳಬೇಕಿತ್ತು. ಆದರೆ ಗ್ಲಾಸಿನಲ್ಲಿ ಐಸ್ ಮೊಗೆಯಬಾರದು ಎನ್ನುವುದು ಈ ಕಸುಬಿನ ಮೊದಲ ಪಾಠ. ಮೂರು ವರ್ಷದವನು ಅಂಥ ತಪ್ಪು ಮಾಡುತ್ತಾನೆಯೇ? ಗ್ಲಾಸನ್ನು ತೊಳೆಯುವ ತೊಟ್ಟಿಗೆ ಹಾಕಿ, ಮೇಲೆ ಕಂಡ ಎರಡು ಚೂರು ಆರಿಸಿ, ಮುಂದಿನ ಆರ್ಡರಿಗೆ ಕೈ ಹಾಕಿದೆ.

ಕೌಂಟರಿನ ಹಿರಿಯ ಬಾರ್‌ಮನ್ ಕುಂದಾಪುರದ ಕಡೆಯವರು. ಎಲ್ಲರೂ ಅಣ್ಣ ಅನ್ನುತ್ತಿದ್ದೆವು. ಅವರು ತೊಟ್ಟಿಯಲ್ಲಿ ಆ ಗ್ಲಾಸ್ ನೋಡಿದರು. ಒಂದು ಮಾತಾಡಲಿಲ್ಲ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಿನ ಮೋರಿಗೆ ಬೋರಲು ಹಾಕಿದರು. ಅಡುಗೆಮನೆಯಿಂದ ಬಿಸಿನೀರು ತರಿಸಿ ಹುಯ್ದು, ಒಣಬಟ್ಟೆಯಲ್ಲಿ ಒರೆಸಿದರು. ಶನಿವಾರ ರಾತ್ರಿ ಒಂಬತ್ತೂವರೆಯಿಂದ ಒಂದು ಗಂಟೆ ಕಾಲ ಐಸೇ ಇಲ್ಲ. ಗಿರಾಕಿಗಳು ಟೇಬಲ್ ಕುಟ್ಟಿದರು, ಮಾಲೀಕರು ಕೂಗಾಡಿದರು. ಅಣ್ಣ ಎಲ್ಲರಿಗೂ "ಐಸ್ ಕೆಟ್ಟಿದೆ ಸಾರ್, ಬರ್ತದೆ" ಅಂದರು. ಬಾಗಿಲು ಹಾಕಿದ ಮೇಲೆ ಬೀಡಿ ಹಚ್ಚಿ ನನ್ನ ಕಡೆ ತಿರುಗಿ, "ನಿಂಗೆ ಕೆಲಸ ಬರಲ್ಲ ಅಂತ ಮೊದಲ್ನೇ ದಿನಾನೇ ಗೊತ್ತಿತ್ತು. ಗ್ಲಾಸ್ ಒಡೆದ್ರೂ ಬಾಯಿ ಬಿಡಲ್ಲ ಅಂತ ಇವತ್ತು ಗೊತ್ತಾಯ್ತು" ಅಂದರು.

ಎಲ್ಲ ಹೇಳಿಬಿಟ್ಟೆ. ಮೈಸೂರು, ಚನ್ನರಾಯಪಟ್ಟಣ, ಮೇಣ. ಅಣ್ಣ ಅಳತೆ ಇಸಿದುಕೊಂಡು, ಬೆಳಕಿಗೆ ಹಿಡಿದು, ಕಿರುಬೆರಳ ಉಗುರಿನಲ್ಲಿ ತಳ ಕೆರೆದು ಮೂಸಿ ನೋಡಿದರು. ಮಾಲೀಕರ ಹತ್ತಿರ ಏನು ಮಾತಾಡಿದರೋ ನಾನು ಕೇಳಲಿಲ್ಲ. ನನಗೆ ಹದಿನೈದು ದಿನದ ಸಂಬಳ ಹಿಡಿದರು. ಕ್ಯಾಷಿಯರ್ ತಿಂಗಳೊಳಗೆ ಬೇರೆ ಕಡೆ ಹೋದ. ನಾನು ಮತ್ತೆ ಗ್ಲಾಸ್ ತೊಳೆಯುವ ತೊಟ್ಟಿಗೆ ಇಳಿದೆ. ಅಲ್ಲಿಂದ ಕೌಂಟರಿಗೆ ವಾಪಸ್ ಬರಲು ಹನ್ನೊಂದು ತಿಂಗಳು ಹಿಡಿಯಿತು. ನಾನು ನನ್ನ ಅನುಭವವನ್ನು ಎಣಿಸುವುದು ಆ ತೊಟ್ಟಿಯಿಂದ.

ಈಗ ನಿನ್ನ ಸೋಮವಾರ.

ಹೆಡ್ ಬಾರ್‌ಟೆಂಡರ್ ಡಾರ್ಜಿಲಿಂಗ್ ಕಡೆಯವರು, ಹಿಂದಿ ಮಾತಾಡುತ್ತಾರೆ ಅಂದೆಯಲ್ಲ. ನಿನ್ನ ಹಿಂದಿ ಹೇಗಿದೆಯೋ ಹಾಗೇ ಸಾಕು. ಸೇರಿದ ದಿನ ಮಧ್ಯಾಹ್ನ ಪಬ್ ತೆರೆಯುವ ಮುಂಚೆ ನಿಂಬೆಹಣ್ಣು ಹೆಚ್ಚುವುದು, ಪುದೀನ ಆರಿಸುವುದು, ಸಕ್ಕರೆ ಪಾಕ ಕಾಸುವುದು ಇರುತ್ತದೆ. ಹೊಸಬನ ಕೈಗೆ ಮೊದಲು ಬರುವುದು ಅದೇ. ಆಗ ಅವರು ಪಕ್ಕದಲ್ಲಿರುತ್ತಾರೆ, ಗಲಾಟೆ ಇರುವುದಿಲ್ಲ. ಕೈಯಲ್ಲಿ ಚಾಕು ಆಡುತ್ತಿರುವಾಗ ಮುಖ ನೋಡದೆ ಮಾತಾಡಬಹುದು, ಅದೂ ಒಂದು ಅನುಕೂಲ. ಆ ಹೊತ್ತಿನಲ್ಲಿ ಹೇಳು: "ಭಯ್ಯಾ, ಕಾಗದದಲ್ಲಿ ಎರಡು ವರ್ಷ ಅಂತ ಬರೆದಿದ್ದೀನಿ. ಕೆಲಸ ಮಾಡಿದ್ದು ನಾಲ್ಕು ತಿಂಗಳು, ಅದೂ ರೆಸಾರ್ಟಿನಲ್ಲಿ. ಜನಜಂಗುಳಿಯಲ್ಲಿ ನಿಂತು ಗೊತ್ತಿಲ್ಲ. ಹೇಳಿಕೊಟ್ಟರೆ ಕಲೀತೀನಿ, ಬೇಗ ಬಂದು ತಡವಾಗಿ ಹೋಗ್ತೀನಿ." ಇಷ್ಟೇ. ಅಳಬೇಡ, ಮನೆ ಕಷ್ಟ ಹೇಳಬೇಡ, ಎಲ್ಲರೂ ಹೀಗೇ ಹಾಕ್ತಾರೆ ಅಂತ ಮೊದಲೇ ಹೇಳಬೇಡ.

ಮ್ಯಾನೇಜರಿಗೆ ಯಾಕೆ ಹೇಳಬಾರದು ಅಂತ ಕೇಳಬಹುದು. ಅವರು ಕೇಳಿದರೆ ಅವರಿಗೂ ಇದನ್ನೇ ಹೇಳು, ಒಂದಕ್ಷರ ಬದಲಾಯಿಸಬೇಡ. ಆದರೆ ಮೊದಲ ಹಕ್ಕು ನಿನ್ನ ಪಕ್ಕ ನಿಲ್ಲುವವನದು. ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಪ್ರಿಂಟರಿನಿಂದ ಆರ್ಡರ್ ಚೀಟಿ ಒಂದರ ಬಾಲ ಹಿಡಿದು ಒಂದು ಬರುವಾಗ, ನೀನು ಎರಡು ವರ್ಷದವನು ಎಂದು ನಂಬಿ ಆತ ಹದಿನೈದು ಚೀಟಿ ನಿನ್ನ ಕಡೆ ತಳ್ಳಿದರೆ ಮುಳುಗುವವರು ಇಬ್ಬರೂ. ನಾಲ್ಕು ತಿಂಗಳವನು ಎಂದು ಗೊತ್ತಿದ್ದರೆ ಬಿಯರ್ ಸುರಿಯಲು, ಗ್ಲಾಸ್ ಒರೆಸಲು ನಿನ್ನನ್ನಿಟ್ಟು ತಾನು ಕಾಕ್‌ಟೇಲ್ ನೋಡಿಕೊಳ್ಳುತ್ತಾನೆ.

ಕೆಲಸ ಹೋಗಬಹುದೇ? ಹೋಗಬಹುದು, ಸುಳ್ಳು ಭರವಸೆ ಕೊಡಲಾರೆ. ನಾನು ಕೌಂಟರ್ ನಡೆಸಿದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ವರ್ಷ ಉಬ್ಬಿಸಿಕೊಂಡು ಬಂದ ಹುಡುಗರು ಬಹಳ ಮಂದಿ. ತಾವಾಗಿ ಬಂದು ಹೇಳಿದವರು ಮೂವರು. ಇಬ್ಬರನ್ನು ಇಟ್ಟುಕೊಂಡೆ. ಮೂರನೆಯವನನ್ನು ಕಳಿಸಿದೆ, ಯಾಕೆಂದರೆ ಆ ತಿಂಗಳು ನನಗೆ ನಿಜವಾಗಿಯೂ ಕೆಲಸ ಬಲ್ಲವನೇ ಬೇಕಿತ್ತು. ನಿನಗೂ ಹಾಗಾದರೆ ರೂಮಿನ ಬಾಡಿಗೆ ನಾನು ಹಾಕುತ್ತೇನೆ, ಎರಡು ತಿಂಗಳು. ಅದಕ್ಕಿಂತ ಹೆಚ್ಚು ಕೇಳಬೇಡ.

ಮತ್ತೆ, ಹೇಳದಿದ್ದರೂ ಅವರಿಗೆ ಗೊತ್ತಾಗುತ್ತದೆ. ಬಾರಿನವರ ಕೈ ಬೇರೆ. ನಿಂಬೆರಸ ಮೆತ್ತಿದ ಕೈಯನ್ನು ಚೆನ್ನಾಗಿ ತೊಳೆಯದೆ ಬಿಸಿಲಿಗೆ ಹೋದರೆ ಬೊಬ್ಬೆ ಏಳುತ್ತದೆ, ಆಮೇಲೆ ಕಂದು ಕಲೆ ವಾರಗಟ್ಟಲೆ ಉಳಿಯುತ್ತದೆ. ನಮ್ಮಲ್ಲಿ ಅನೇಕರ ಕೈಯಲ್ಲಿ ಅದರ ಗುರುತು ಇದ್ದೇ ಇರುತ್ತದೆ. ನಿನ್ನ ಕೈ ನೋಡಿದೆ ಹೋದ ತಿಂಗಳು ಹಬ್ಬಕ್ಕೆ ಬಂದಾಗ, ಕಾಲೇಜು ಹುಡುಗನ ಕೈ. (ಇದು ಎಚ್ಚರಿಕೆಯೂ ಹೌದು: ನಿಂಬೆ ಮುಟ್ಟಿದ ಮೇಲೆ ಸೋಪು ಹಾಕಿ ತೊಳೆಯದೆ ಹೊರಗೆ ಹೋಗಬೇಡ.)

ಉಳಿದ ದಿನಗಳಲ್ಲಿ ಏನು ಕಲಿಯಬಹುದು ಅಂತ ಕೇಳಿದೆ. ಕೈಯ ವೇಗ ಬರುವುದಿಲ್ಲ, ಅದರ ಆಸೆ ಬಿಡು. ಅಳತೆ ಬರುತ್ತದೆ. ಖಾಲಿ 750ರ ಬಾಟಲಿಗೆ ನೀರು ತುಂಬಿಸಿ ಸಿಂಕಿನ ಮುಂದೆ ನಿಲ್ಲು. ಮೂವತ್ತರ ಅಳತೆಗೆ ಸುರಿದು ಸುರಿದು ಎಣಿಸು. ಇಪ್ಪತ್ತೈದು ಬರಬೇಕು. ಇಪ್ಪತ್ತನಾಲ್ಕಕ್ಕೆ ನೀರು ಮುಗಿದರೆ ನಿನ್ನ ಕೈ ಧಾರಾಳ, ಮಾಲೀಕ ಮುಳುಗುತ್ತಾನೆ. ಇಪ್ಪತ್ತಾರು ಬಂದರೆ ಗಿರಾಕಿ ಮುಳುಗುತ್ತಾನೆ. ದಿನಕ್ಕೆ ನಾಲ್ಕು ಬಾಟಲಿ ಮಾಡು. ಬೆಂಗಳೂರಿನಲ್ಲಿ ನೀರಿನ ಕಷ್ಟ ಗೊತ್ತಲ್ಲ, ಸುರಿದ ನೀರನ್ನೇ ಮತ್ತೆ ತುಂಬಿಸಿಕೋ.

ಸ್ಮಾಲ್ ಮೂವತ್ತು, ಲಾರ್ಜ್ ಅರವತ್ತು, ಕ್ವಾರ್ಟರ್ ನೂರೆಂಬತ್ತು, ಹಾಫ್ ಮುನ್ನೂರ ಎಪ್ಪತ್ತೈದು. ಪಬ್ಬಿನಲ್ಲಿ ಕ್ವಾರ್ಟರ್ ಕೇಳುವವರು ಕಡಿಮೆ, ಆದರೂ ನನ್ನ ಹಾಗೆ "ನೈಂಟಿ"ಗೆ ಬೀಳಬೇಡ. ಕಾಕ್‌ಟೇಲ್ ವಿಷಯದಲ್ಲಿ ಪುಸ್ತಕ ಉರು ಹೊಡೆಯಬೇಡ. ಹಣ್ಣಿನ ರಸವೋ ಕೆನೆಯೋ ಇದ್ದರೆ ಶೇಕರಿನಲ್ಲಿ ಕುಲುಕುವುದು, ಬರೀ ಮದ್ಯಗಳೇ ಸೇರುವಾಗ ಚಮಚದಲ್ಲಿ ತಿರುಗಿಸುವುದು. ನೆಗ್ರೋನಿಗೆ ಜಿನ್, ಕಂಪಾರಿ, ಸಿಹಿ ವರ್ಮೂತ್ ಸಮಸಮ, ಮೂವತ್ತು ಮೂವತ್ತು ಮೂವತ್ತು. ಅದು ತಿರುಗಿಸುವ ಜಾತಿ. ಮೊಹೀತೊಗೆ ಪುದೀನವನ್ನು ಚಟ್ನಿಗೆ ಅರೆದ ಹಾಗೆ ಜಜ್ಜಬೇಡ, ಕಹಿಯಾಗುತ್ತದೆ. ಒತ್ತಿ ಬಿಟ್ಟರೆ ಸಾಕು, ಘಮ ತಾನೇ ಬರುತ್ತದೆ. ಶೇಕರಿನೊಳಗೆ ಸೋಡಾ ಹಾಕಿ ಕುಲುಕಿದೆಯೋ, ಮುಚ್ಚಳ ಹಾರಿ ಎದುರಿಗೆ ಕೂತವರ ಮೈಮೇಲೆ ಅಭಿಷೇಕ. ಹೊಸಬರನ್ನು ಕಂಡುಹಿಡಿಯಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಒಂದರ ಬಗ್ಗೆ ಮಾತ್ರ ನಿಂತು ಹೇಳಬೇಕು, ಲಾಂಗ್ ಐಲ್ಯಾಂಡ್ ಐಸ್ ಟೀ. ಹೆಸರಲ್ಲಿ ಟೀ ಇದೆ, ಒಳಗೆ ಒಂದು ಎಲೆಯೂ ಇಲ್ಲ. ವೋಡ್ಕಾ, ಟಕೀಲಾ, ಬಿಳಿ ರಮ್, ಜಿನ್, ಕಿತ್ತಳೆ ಲಿಕರ್ ಒಂದೊಂದೂ ಹದಿನೈದು ಎಂಎಲ್. ಕೂಡಿಸು: ಎಪ್ಪತ್ತೈದು. ಅಂದರೆ ಎರಡೂವರೆ ಸ್ಮಾಲು, ಮೇಲೆ ನಿಂಬೆ, ಸಿಹಿ, ಕೋಲಾ. ರುಚಿ ಶರಬತ್ತಿನ ಹಾಗೆ ಇರುವುದರಿಂದ ಮೊದಲ ಸಂಬಳ ಬಂದ ಹುಡುಗರು ಗಟಗಟ ಕುಡಿದು ಇನ್ನೊಂದು ಅನ್ನುತ್ತಾರೆ. ಎರಡನೆಯದನ್ನು ನಿಧಾನ ಮಾಡು. ಮುಂದೆ ನೀರಿಡು, ತಿನ್ನಲು ಏನಾದರೂ ತರಿಸಲೇ ಕೇಳು. ಮೂರನೆಯದಕ್ಕೆ ಹೆಡ್ ಬಾರ್‌ಟೆಂಡರನ್ನು ಕೇಳದೆ ಕೈ ಹಾಕಬೇಡ. ಕೊಡುವುದಿಲ್ಲ ಅನ್ನುವುದೂ ನಮ್ಮ ಕೆಲಸವೇ. ಅದನ್ನು ಹೇಳುವ ಅಧಿಕಾರ ನಿನಗೆ ಬರುವವರೆಗೆ, ಇರುವವನನ್ನು ಕರೆ.

ಕಾನೂನಿನ ಮಾತು ಎರಡೇ. ಇಪ್ಪತ್ತೊಂದು ತುಂಬದವರಿಗೆ ಮದ್ಯವಿಲ್ಲ ಎಂಬ ಬೋರ್ಡು ಗೋಡೆಯ ಮೇಲೆ ಇರುತ್ತದೆ. ಮುಖ ನೋಡಿ ಅನುಮಾನ ಬಂದರೆ ಐಡಿ ಕೇಳು, ಕೇಳಿಸಿಕೊಂಡವರು ಬೈದರೆ ಬೈಸಿಕೋ. ಇನ್ನೊಂದು, ಒಂದು ಬಾಟಲಿಯದನ್ನು ಇನ್ನೊಂದು ಬಾಟಲಿಗೆ ಸುರಿ ಎಂದು ಯಾರೇ ಹೇಳಲಿ, ಸುರಿಯಬೇಡ. ಅಬಕಾರಿಯವರು ಬಂದ ದಿನ ಹೇಳಿದವನು ಕಾಣುವುದಿಲ್ಲ, ಸುರಿದ ಕೈ ಕಾಣುತ್ತದೆ.

ಕೆಲಸ ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆಯಾದರೆ ಒಂದು ಮಾತು ಹೇಳಿಕೊಡುತ್ತೇನೆ: "ಇಲ್ಲಿ ನೀವು ಇದನ್ನ ಹೇಗೆ ಮಾಡ್ತೀರಿ?" ಪ್ರತಿ ಬಾರಿಗೂ ಅದರದೇ ಅಳತೆ, ಅದರದೇ ಗ್ಲಾಸು, ಅದರದೇ ಪಾಕ. ಇಪ್ಪತ್ತು ವರ್ಷ ಮಾಡಿದವನೂ ಹೊಸ ಕೌಂಟರಿಗೆ ಬಂದರೆ ಮೊದಲು ಕೇಳುವ ಪ್ರಶ್ನೆ ಅದು. ನಾನು 1990ರ ಸುಮಾರಿಗೆ ಮೆಜೆಸ್ಟಿಕ್ ಬಿಟ್ಟು ಚರ್ಚ್ ಸ್ಟ್ರೀಟ್ ಕಡೆಯ ಪಬ್ಬಿಗೆ ಹೋದಾಗ ಅದನ್ನೇ ಕೇಳಿದ್ದು. ಊರಿಗೆ ಪಬ್ ಸಿಟಿ ಎಂಬ ಹೆಸರು ಬಿದ್ದಿದ್ದ ಕಾಲ. ಜಗ್ಗುಗಳಲ್ಲಿ ಡ್ರಾಫ್ಟ್ ಬಿಯರ್, ಕಿವಿ ಒಡೆಯುವ ಇಂಗ್ಲಿಷ್ ಹಾಡು. ನನಗೆ ಗ್ಲಾಸ್ ಓರೆ ಹಿಡಿದು ನೊರೆ ಹದ ಮಾಡುವುದೇ ಬರುತ್ತಿರಲಿಲ್ಲ. ಅರ್ಧ ಗ್ಲಾಸ್ ನೊರೆ ಸುರಿದು ಅರ್ಧ ಬ್ಯಾರೆಲ್ ಹಾಳು ಮಾಡಿದ್ದೇನೆ. ಆದರೆ ಆ ಸಲ ಬಂದ ದಿನವೇ ಹೇಳಿದ್ದೆ, "ಪೆಗ್ಗು ಗೊತ್ತು, ಡ್ರಾಫ್ಟ್ ಗೊತ್ತಿಲ್ಲ" ಅಂತ. ಬೈದರು, ಕಲಿಸಿದರು. ಆದರೆ ನೋಡು, ಈ ಪ್ರಶ್ನೆಯನ್ನು ಪರದೆ ಮಾಡಿಕೊಳ್ಳಬೇಡ. ನಿಂಬೆಹಣ್ಣಿನ ಮುಂದೆ ಹೇಳಬೇಕಾದ್ದನ್ನು ಹೇಳಿದ ಮೇಲೆ ಕೇಳುವ ಪ್ರಶ್ನೆ ಇದು.

ನಮ್ಮ ಕಸುಬಿನಲ್ಲಿ ಉಬ್ಬಿಸಿ ಹೇಳುವವರು ಕೌಂಟರಿನ ಒಳಗಿಗಿಂತ ಹೊರಗೆ ಹೆಚ್ಚು. "ನಾನು ಹತ್ತು ಪೆಗ್ ಹಾಕಿದ್ರೂ ಅಲ್ಲಾಡಲ್ಲ" ಅನ್ನುವವನು ನಾಲ್ಕಕ್ಕೆ ಕುರ್ಚಿಯ ಕೈ ಹುಡುಕುತ್ತಾನೆ. ಹುಡುಗಿಯ ಮುಂದೆ ಸಿಂಗಲ್ ಮಾಲ್ಟ್ ಬಗ್ಗೆ ಭಾಷಣ ಮಾಡಿ, ಅಮೃತ್ ನಮ್ಮ ಬೆಂಗಳೂರಿನದೇ ಅಂದರೆ ನಂಬದವರನ್ನು ನೋಡಿದ್ದೇನೆ. 2007ರ ಜುಲೈ 1ಕ್ಕೆ ಸಾರಾಯಿ ನಿಂತ ಮೇಲೆ ಪ್ಯಾಕೆಟ್ ಕುಡಿಯುತ್ತಿದ್ದ ಜನ ಬಾರಿನ ಕೌಂಟರಿಗೆ ಬಂದರು. ಏನು ಕೇಳಬೇಕೆಂದು ತಿಳಿಯದೆ, ಪಕ್ಕದವನು ಹೇಳಿದ್ದನ್ನೇ ತಾವೂ ದಿನಾ ಕುಡಿಯುವವರ ಗತ್ತಿನಲ್ಲಿ ಹೇಳುತ್ತಿದ್ದರು. ಅವರಲ್ಲಿ ಒಬ್ಬರನ್ನೂ ನಾನು ನಗೆಪಾಟಲು ಮಾಡಲಿಲ್ಲ. ಬೆಲೆ ಮೆಲ್ಲಗೆ ಹೇಳಿ, ಕಡಿಮೆಯದು ತೋರಿಸಿ, "ಇದೂ ಚೆನ್ನಾಗಿದೆ ಅಣ್ಣ" ಅನ್ನುತ್ತಿದ್ದೆ. "ನೈಂಟಿ"ಗೆ ನಕ್ಕವರ ನಡುವೆ ಒಬ್ಬ ಲುಂಗಿಯವರು ನನಗೆ ಕಲಿಸಿಕೊಟ್ಟಿದ್ದರಲ್ಲ, ಅವರ ಋಣ.

ಕೆಲಸದ ನಡುವೆ ಗಿರಾಕಿ ಕೊಡಿಸಿದರೂ ಕುಡಿಯಬೇಡ. "ಡ್ಯೂಟಿ ಮುಗಿದ ಮೇಲೆ ಸಾರ್" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಳ್ಳೆಯ ಶೂ ತಗೋ, ಸೋಲ್ ಜಾರದಂಥದ್ದು. ಟಿಪ್ಸ್ ಡಬ್ಬಕ್ಕೆ ಬಿದ್ದದ್ದು ಎಲ್ಲರದು, ಅದರಲ್ಲಿ ಗ್ಲಾಸ್ ತೊಳೆಯುವ ಹುಡುಗನ ಪಾಲು ಮರೆಯಬೇಡ.

ಇನ್ನೊಂದು ಸುಳ್ಳಿದೆ, ನೀನು ಫೋನಿನಲ್ಲಿ ಹೇಳಲಿಲ್ಲ, ನಾನೂ ಕೆದಕಲಿಲ್ಲ. ನಿನ್ನವ್ವನಿಗೆ ಏನಂತ ಹೇಳಿದ್ದೀಯ? "ಹೋಟೆಲ್ ಕೆಲಸ" ಅಂತ ತಾನೆ? ನಾನೂ ನಮ್ಮವ್ವನಿಗೆ ಅದನ್ನೇ ಹೇಳಿದ್ದೆ. ನಾಲ್ಕು ವರ್ಷ ಹೋಟೆಲಾಗಿಯೇ ಇತ್ತು. ಒಂದು ದಸರಾ ರಜೆಗೆ ಊರಿಗೆ ಹೋದಾಗ, ಬಟ್ಟೆ ಒಗೆಯುತ್ತಿದ್ದ ಅವ್ವ ನನ್ನ ಅಂಗಿ ಮೂಸಿ, "ನಿಮ್ಮ ಹೋಟ್ಲಲ್ಲಿ ಇಡ್ಲಿಗೆ ರಮ್ಮು ಹಾಕ್ತಾರೇನ್ಲಾ?" ಅಂದಳು. ಆಮೇಲೆ ಒಂದು ವಾರ ಮಾತು ಬಿಟ್ಟಳು. ಬಿಟ್ಟದ್ದು ಬಾರಿಗೋ ಸುಳ್ಳಿಗೋ ಇವತ್ತಿಗೂ ತಿಳಿಯದು, ಕೇಳುವ ಮೊದಲೇ ಹೋಗಿಬಿಟ್ಟಳು. ಬಾರಿನ ಕೆಲಸ ಅಂದರೆ ನಮ್ಮ ಕಡೆ ಹೆಣ್ಣು ಕೊಡಲು ಹಿಂಜರಿಯುತ್ತಾರೆ, ನಿನ್ನವ್ವನಿಗೆ ಆ ಚಿಂತೆ ಇರುತ್ತದೆ. ಆ ಮಾತನ್ನು ನಾನೇ ಬಂದು ನಿನ್ನ ಜೊತೆ ಕೂತು ಹೇಳುತ್ತೇನೆ, ಸಂಕ್ರಾಂತಿಗೆ. ನನ್ನ ತಂಗಿ ನನ್ನ ಮುಂದೆ ಕೂಗಾಡುವುದು ಹೊಸದೇನಲ್ಲ.

ಅದು ಆಮೇಲೆ. ಸದ್ಯಕ್ಕೆ ನನ್ನ ಹಳೆಯ ಅಳತೆಯನ್ನು ಭಾನುವಾರದೊಳಗೆ ನಿನ್ನ ರೂಮಿಗೆ ತಂದುಕೊಡುತ್ತೇನೆ. ಒಂದು ಕಡೆ ಮೂವತ್ತು, ಇನ್ನೊಂದು ಕಡೆ ಅರವತ್ತು. ಒಳಗೆ ಬೆರಳಾಡಿಸಿ ನೋಡು, ತಳದಲ್ಲಿ ಏನೂ ಇಲ್ಲ. ಸೋಮವಾರ ನಿಂಬೆಹಣ್ಣಿನ ಹೊತ್ತಿಗೆ ಹೇಳಬೇಕಾದ್ದು ಹೇಳು, ಕೆಲಸ ಮುಗಿಸು, ಒಂದು ಗಂಟೆಗೆ ಬಾಗಿಲು ಹಾಕಿದ ಮೇಲೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ. ಕೆಲಸ ಬಿಟ್ಟರೂ ನನಗೆ ಎರಡು ಗಂಟೆಗೆ ಮುಂಚೆ ನಿದ್ದೆ ಬರುವುದಿಲ್ಲ.

ನಿನ್ನ ಮಾವ